ರೀಡಿಂಗ್

ತಿಂಗಳ ಮೊದಲ ವಾರ ಸೋಮೇಶ್ವರಪುರಂ ನನ್ನದು.
ಕೊರಳಲ್ಲಿ ಬಿಲ್ಲು ಉಗುಳುವ ಯಂತ್ರ,
ಎರಡು ಸಲ ಹೊಲಿಗೆ ಹಾಕಿಸಿದ ಚಪ್ಪಲಿ.
ಮನೆಗಳಲ್ಲಿ ನಾಯಿ, ಅಂಗಡಿಗಳಲ್ಲಿ ‘ಆಮೇಲ್ ಬನ್ನಿ’.
ಹೋಟೆಲುಗಳಲ್ಲಿ ಮೀಟರು
ಅದೇಕೋ ಸದಾ ಅಡುಗೆಮನೆಯ ದಾರಿಯಲ್ಲೇ.

ಹಾಗಾಗಿ ಈ ಬೀದಿಯನ್ನು ನಾನು ಹಿಂಬಾಗಿಲಿಂದ ಬಲ್ಲೆ:
ಯಾರ ಸಾಂಬಾರಿಗೆ ಸಂಜೆ ನೀರು ಸೇರುತ್ತದೆ,
ಯಾರ ಬೋರ್ಡಿನ ಮೇಲಿನ ಹಿತ್ತಾಳೆ ಫಿಲ್ಟರು
ಒಳಗೆ ಮೂಲೆಯಲ್ಲಿ ಬೋರಲು ಬಿದ್ದಿದೆ.
ಹೇಳುವುದಿಲ್ಲ.
ಯಂತ್ರ ಕೇಳುವುದು ಅಂಕಿ ಮಾತ್ರ.

ಗೋಡೆಗೆ ಸೈಕಲ್ಲು ನೇತುಹಾಕಿದ ಆ ಹೊಸ ಕೆಫೆಯಲ್ಲಿ
ಕಾಲೇಜಿನವರು ಒಂದು ಕೋಲ್ಡ್ ಕಾಫಿಗೆ ಮೂರು ಸ್ಟ್ರಾ ಇಟ್ಟು
ಮಧ್ಯಾಹ್ನವನ್ನೆಲ್ಲ ಹೀರುತ್ತಾರೆ,
ಫೋನುಗಳು ಸಾಲಾಗಿ ಗೋಡೆಗೆ ಚುಚ್ಚಿಕೊಂಡು.
‘ಬಿಲ್ಲು ಯಾಕಕ್ಕಾ ಇಷ್ಟು ಬರ್ತೈತೆ?’
ಅನ್ನುತ್ತಾನೆ ಮಾಲೀಕ, ಮೀಸೆ ಈಗಷ್ಟೇ ದಪ್ಪವಾದವನು.
ನಾನು ಗೋಡೆಯ ಕಡೆ ನೋಡುತ್ತೇನೆ.
ನಗುತ್ತಾನೆ. ಗೊತ್ತು ಅವನಿಗೂ.

ಎದುರಿಗೆ ನಾಗಮಣಿಯ ಗಾಡಿ. ಮೀಟರಿಲ್ಲ.
ಚಿತ್ರಾನ್ನದ ಮೇಲೆ ತೂಗುವ ಬಲ್ಬಿಗೆ
ತಂತಿ ಎಲ್ಲಿಂದ ಬಂದಿದೆಯೆಂದು
ನಾನು ಕತ್ತೆತ್ತಿ ನೋಡಿಲ್ಲ.

ಮರುಳಯ್ಯನವರ ಹೋಟೆಲ್ ಪ್ರಸನ್ನಕ್ಕೆ
ಮೊದಲ ಸಲ ತಿನ್ನಲೆಂದು ಹೋದಾಗ
‘ಫ್ಯಾಮಿಲಿ ರೂಮ್ ಒಳಗೈತೆ’ ಅಂದಿದ್ದ ಸಪ್ಲೈಯರ್ ಗಂಗಣ್ಣ.
ನಾನೊಬ್ಬಳೇ ಅಂದೆ.
‘ಅದ್ಕೇ’ ಅಂದ.
ಹಸಿರು ಪರದೆ, ಒದ್ದೆ ಮೇಜು,
ಎದುರಿಗೆ ಮೂರು ಖಾಲಿ ಕುರ್ಚಿಗಳ ಸಂಸಾರ.
ಮುಂದಿನ ತಿಂಗಳು ಬೀದಿ ಕಾಣುವ ಮೇಜಿಗೇ ಹೋಗಿ ಕೂತೆ.
ಗಂಗಣ್ಣ ಒಂದು ಗಳಿಗೆ ನಿಂತ.
ಮೇಜನ್ನು ಎರಡು ಸಲ ಒರೆಸಿದ.
ಅಲ್ಲಿಂದಾಚೆ ಕೇಳದೆಯೇ ಬರುತ್ತಿತ್ತು
ಆವಿಯಾಡುವ ತಟ್ಟೆ ಇಡ್ಲಿ, ಅಂಚು ಮೀರಿದ ಚಟ್ನಿ,
ಕರಗಲೋ ಬೇಡವೋ ಎಂದು ಕೂತ ಬೆಣ್ಣೆ.

ಯುಗಾದಿಗೆ ಒಂಬೈನೂರ ಹತ್ತು ಯೂನಿಟ್ಟು.
ಆಷಾಢಕ್ಕೆ ಏಳುನೂರ ಚಿಲ್ಲರೆ.
ಗೌರಿಹಬ್ಬದ ತಿಂಗಳು ನಾನೂರ ನಲವತ್ತು.
ಯಾರೂ ಏನೂ ಹೇಳಿರಲಿಲ್ಲ.
ಇಡ್ಲಿ ಅಷ್ಟೇ ದಪ್ಪ, ಬೆಣ್ಣೆ ಅಷ್ಟೇ ಧಾರಾಳ,
ಗಲ್ಲಾದ ಮೇಲಿನ ದೇವರಿಗೆ ದಿನವೂ ಹೊಸ ಹೂ.
ಆದರೆ ರುಬ್ಬುವ ಕಲ್ಲು ಎಷ್ಟು ಹೊತ್ತು ತಿರುಗಿತೆಂದು
ಬಾಗಿಲ ಸಂದಿಯ ಆ ಪೆಟ್ಟಿಗೆಗೆ ಗೊತ್ತಿರುತ್ತದಲ್ಲ.
ಬಿಲ್ಲು ಹರಿದುಕೊಟ್ಟೆ.
ಮರುಳಯ್ಯ ಕನ್ನಡಕ ಏರಿಸಿ ನೋಡಿದರು:
‘ಕಮ್ಮಿ ಬಂದೈತೆ. ಒಳ್ಳೇದೇ ಆಯ್ತಲ್ಲಮ್ಮ.’
ಅಂದು ದುಡ್ಡು ತೆಗೆದುಕೊಳ್ಳಲಿಲ್ಲ.
ಅಂದು ತೆಗೆದುಕೊಳ್ಳಬೇಕಿತ್ತು.

ಕಾರ್ತಿಕದಲ್ಲಿ ಷಟರು ಮೊಣಕಾಲೆತ್ತರಕ್ಕೆ ಮಾತ್ರ ತೆರೆದಿತ್ತು.
ಬಗ್ಗಿ ಒಳಹೊಕ್ಕೆ. ಅರವತ್ತೊಂದು.
ಹಸಿರು ಪರದೆ ಮಡಚಿ ಕುರ್ಚಿಯ ಮೇಲಿಟ್ಟಿದ್ದರು,
ಒಗೆದು, ಇಸ್ತ್ರಿ ಮಾಡಿಸಿ.

ಕೆಫೆಯಲ್ಲಿ ಕಪ್ಪು ಟೀಶರ್ಟು, ಟೋಪಿ ಹಾಕಿ
ಐವತ್ತೆಂಟರ ಗಂಗಣ್ಣ.
‘ಇಲ್ಲಿ ಫ್ಯಾಮಿಲಿ ರೂಮ್ ಇಲ್ಲ ಮೇಡಂ.’
ಇಬ್ಬರೂ ನಕ್ಕೆವು, ಸ್ಟ್ರಾದ ಹುಡುಗಿಯರು ತಿರುಗಿ ನೋಡುವಷ್ಟು.
ಅಲ್ಲಿ ನನಗೆ ತಿನ್ನುವಂಥದ್ದೇನೂ ಇರಲಿಲ್ಲ.

ರಸ್ತೆ ದಾಟಿ ನಾಗಮಣಿಯ ಗಾಡಿಗೆ ಬಂದೆ.
ಸ್ವಲ್ಪ ಹೊತ್ತಿಗೆ ಟೋಪಿ ಜೇಬಿಗೆ ತುರುಕಿ ಅವನೂ ಬಂದ.
ಇಷ್ಟು ದಿನದಲ್ಲಿ ಗಂಗಣ್ಣ ತಿನ್ನುವುದನ್ನು
ನಾನು ನೋಡಿಯೇ ಇರಲಿಲ್ಲ.
ನಿಂತೇ ತಿನ್ನುತ್ತಾನೆ, ಬೇಗ ಬೇಗ,
ಯಾವುದೋ ಮೇಜಿನಿಂದ ಯಾರೋ ಕರೆದುಬಿಡುತ್ತಾರೆ ಎಂಬಂತೆ.

ಕೊನೆಯ ತುತ್ತಿಗೆ ನನ್ನ ಕಿವಿಯ ಹತ್ತಿರ ಬಗ್ಗಿ
‘ಒಗ್ಗರಣೆ ಸೀದೈತೆ’ ಅಂದ.
ಆಮೇಲೆ ತಟ್ಟೆ ಮುಂದೆ ಚಾಚಿದ:
‘ಇನ್ನೊಂದಷ್ಟು ಹಾಕು ನಾಗಮಣಿ,
ಮೀಟರಮ್ಮಂಗೂ.’